ಹಳೆಯ ಪೇಂಟ್‌ನ ಸೊಗಸು ಬರೀ ಬಾಲ್ಯದ ಮೋಹವೇ?

ವಿಂಡೋಸ್ 98ರ ಪೇಂಟ್‌ನಲ್ಲಿ ಚಿತ್ರ ಬಿಡಿಸುವಾಗ ಸಿಗುತ್ತಿದ್ದ ಖುಷಿ ಇಂದಿನ ದುಬಾರಿ ತಂತ್ರಾಂಶಗಳಲ್ಲಿ ಏಕೆ ಸಿಗುವುದಿಲ್ಲ, ಅದು ಬರೀ ಬಾಲ್ಯದ ಮೋಹವೇ ಎಂದು ಕೇಳಿದ್ದೀರಿ. ಮೋಹದ ಪಾಲು ಇದ್ದೇ ಇದೆ; ಆದರೆ ಪೇಂಟ್ ಕೆಲಸ ಮಾಡುತ್ತಿದ್ದ ಬಗೆಯಲ್ಲೂ ಅದಕ್ಕೆ ಕಾರಣವಿದೆ ಎಂದು ನನಗನ್ನಿಸುತ್ತದೆ.

ಪೇಂಟ್‌ನಲ್ಲಿ ಎಳೆದ ಓರೆಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಇಂದಿನ ತಂತ್ರಾಂಶಗಳು ಗೆರೆಯ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ನಡುವಿನ ಛಾಯೆಗಳನ್ನು ಅಂಚಿಗೆ ಬೆರೆಸಿ ಅದನ್ನು ನಯಗೊಳಿಸುತ್ತವೆ. ನೋಡಲು ಹಿತವಾದರೂ, ಒಳಗೆ ಬಣ್ಣ ತುಂಬಿದಾಗ ಅಂಚಿನುದ್ದಕ್ಕೂ ಒಂದು ಮಾಸಲು ಎಳೆ ಉಳಿದುಬಿಡುತ್ತದೆ. ಪೇಂಟ್‌ನಲ್ಲಿ ಈ ಬೆರಕೆಯೇ ಇರಲಿಲ್ಲವಾದ್ದರಿಂದ ಬಣ್ಣ ತುಂಬುವ ಬಕೆಟ್ ಸಾಧನ ಒತ್ತಿದೊಡನೆ ಆವರಣ ಅಂಚಿನವರೆಗೂ ತುಂಬುತ್ತಿತ್ತು. ಗೆರೆಯಲ್ಲಿ ಒಂದೇ ಚುಕ್ಕಿಯಷ್ಟು (ಪಿಕ್ಸೆಲ್) ಬಿರುಕಿದ್ದರೂ ಬಣ್ಣ ಹೊರಗೆ ಹರಿದು ಹಾಳೆಯೆಲ್ಲ ಕೆಂಪಾಗುತ್ತಿತ್ತು. ಆಗ ಚಿತ್ರವನ್ನು ಎಂಟು ಪಟ್ಟು ಹಿಗ್ಗಿಸಿ, ಆ ಚುಕ್ಕಿಯನ್ನು ಹುಡುಕಿ ಮುಚ್ಚುವುದೇ ಒಂದು ಆಟ. ಹೆಚ್ಚು ಜನರಿಗೆ ತಿಳಿಯದಿದ್ದ ಇನ್ನೊಂದು ಉಪಾಯವಿತ್ತು: ಅಳಿಸುವ ರಬ್ಬರನ್ನು ಮೌಸ್‌ನ ಬಲಗುಂಡಿ ಒತ್ತಿ ಎಳೆದರೆ, ಆಯ್ದ ಒಂದು ಬಣ್ಣ ಮಾತ್ರ ಇನ್ನೊಂದಕ್ಕೆ ಬದಲಾಗಿ ಉಳಿದದ್ದು ಹಾಗೇ ಇರುತ್ತಿತ್ತು. ಸೀರೆಯ ಬಣ್ಣ ಬದಲಿಸಲು ನಾನು ಬಳಸುತ್ತಿದ್ದುದು ಇದನ್ನೇ.

ಕೊರತೆಗಳಿಗೂ ಕೊರತೆಯಿರಲಿಲ್ಲ. ಮಾಡಿದ್ದನ್ನು ಮೂರು ಹೆಜ್ಜೆ ಮಾತ್ರ ಹಿಂದಕ್ಕೆ ಪಡೆಯಬಹುದಿತ್ತು. 800×600 ಚುಕ್ಕಿಗಳ ಪೂರ್ಣವರ್ಣದ ಚಿತ್ರವನ್ನು ಪೇಂಟ್‌ನ ಬಿಎಂಪಿ ಎಂಬ ಕಡತವಾಗಿ ಉಳಿಸಿದರೆ ಚುಕ್ಕಿಗೆ ಮೂರು ಬೈಟ್‌ನಂತೆ 14,40,000 ಬೈಟ್ ಆಗುತ್ತಿತ್ತು, ಅಂದರೆ ಸುಮಾರು ಅಷ್ಟೇ ಹಿಡಿಸುತ್ತಿದ್ದ ಅಂದಿನ ಒಂದು ಫ್ಲಾಪಿ ಡಿಸ್ಕಿಗೆ ಒಂದೇ ಚಿತ್ರ. 256 ಬಣ್ಣಗಳಿಗೆ ಇಳಿಸಿಕೊಂಡರೆ ಚುಕ್ಕಿಗೆ ಒಂದೇ ಬೈಟ್ ಸಾಕಾಗಿ ಮೂರು. 1998ರಲ್ಲಿ ಬಂದ ಬರಹ ತಂತ್ರಾಂಶದಲ್ಲಿ ಟೈಪಿಸಿದ ಯುಗಾದಿ ಶುಭಾಶಯವನ್ನು ಪೇಂಟ್‌ಗೆ ಅಂಟಿಸಿ, ಬರಹದ ಫಾಂಟ್ ಆಯ್ದು, ಹೊರಗೆ ಕ್ಲಿಕ್ಕಿಸಿದೊಡನೆ ಅಕ್ಷರಗಳೂ ಚುಕ್ಕಿಗಳಾಗಿಬಿಡುತ್ತಿದ್ದವು. ಆಮೇಲೆ ಕಾಗುಣಿತ ತಿದ್ದಬೇಕೆಂದರೆ ಅಳಿಸಿ ಹೊಸದಾಗಿಯೇ ಬರೆಯಬೇಕು. ಇವು ಯಾವುವೂ ನನ್ನ ಕಲ್ಪನೆಯನ್ನು ಹರಿತಗೊಳಿಸಿದವು ಎಂದು ನಾನು ಹೇಳಲಾರೆ, ಅವು ಬರೀ ಕಿರಿಕಿರಿ. ಸಂತೋಷವಿದ್ದುದು ಪರದೆಯ ಮೇಲಿನ ಪ್ರತಿಯೊಂದು ಚುಕ್ಕಿಯೂ ನಾನು ಇಟ್ಟಲ್ಲೇ, ಇಟ್ಟ ಬಣ್ಣದಲ್ಲೇ ಇರುತ್ತಿದ್ದುದರಲ್ಲಿ.

ಅದನ್ನು ಈಗಲೂ ಪಡೆಯಬಹುದು. ಉಚಿತವಾಗಿ ಸಿಗುವ ಗಿಂಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಬ್ರಷ್ ಬಿಟ್ಟು ಪೆನ್ಸಿಲ್ ಸಾಧನವನ್ನು ಆರಿಸಿ. ಅದು ಅಂಚನ್ನು ನಯಗೊಳಿಸುವುದಿಲ್ಲ. ಹಾಳೆಯನ್ನು 320×240ರಷ್ಟು ಚಿಕ್ಕದಾಗಿಟ್ಟುಕೊಂಡು ಹಿಗ್ಗಿಸಿ ಕೆಲಸ ಮಾಡಿದರೆ ಒಂದೊಂದು ಚುಕ್ಕಿಯೂ ಕೈಗೆ ಸಿಗುತ್ತದೆ.