ಈ ಡಿಸೆಂಬರ್ ಹಳೆಯ ಕಡು ಚಳಿಗಾಲಗಳನ್ನು ಮೀರಿಸಿತು ಎಂದು ನನ್ನ ಮನೆಯ ತಾಪಮಾಪಕ ಹೇಳುತ್ತಿದೆ. ನಂಬಬಹುದೇ? ಯಾವ ಹಳೆಯ ವರ್ಷದೊಂದಿಗೆ ಹೋಲಿಸಲಿ? ಎಂದು ನೀವು ಕೇಳಿದ್ದೀರಿ.

ಹದಿನಾಲ್ಕು ವರ್ಷಗಳ ಹಿಂದೆ ನಾನು ಇದನ್ನೇ ನಂಬಿದ್ದೆ. ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ರಾತ್ರಿಯ ಕನಿಷ್ಠ ತಾಪಮಾನವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಐದು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಆರನೆಯ ಚಳಿಗಾಲದಲ್ಲಿ ಅಂಕಿಗಳು ದಿಢೀರನೆ ಕುಸಿದವು. ಹಿಂದಿನ ಕಡು ಚಳಿಗಾಲಗಳನ್ನೆಲ್ಲ ಈ ಜನವರಿ ಹಿಂದಿಕ್ಕಿತು ಎಂದು ಪತ್ರಿಕೆಯೊಂದಕ್ಕೆ ಬರೆದೆ, ಅಚ್ಚೂ ಆಯಿತು. ವಾರದೊಳಗೆ, ಹವಾಮಾನ ವೀಕ್ಷಣೆಯಲ್ಲೇ ಆಯುಷ್ಯ ಸವೆಸಿದ ಹಿರಿಯರೊಬ್ಬರ ಕಾಗದ ಬಂತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: "ಈಚೆಗೆ ಮಾಪಕದ ಜಾಗ ಬದಲಿಸಿದ್ದೀರಾ?"

ಬದಲಿಸಿದ್ದೆ. ಗೋಡೆಗೆ ಬಣ್ಣ ಬಳಿಯುವಾಗ ಅದನ್ನು ಬಿಚ್ಚಿ ತಾರಸಿಯ ಕಬ್ಬಿಣದ ಕಂಬಿಗೆ ತಂತಿಯಿಂದ ಬಿಗಿದಿದ್ದೆ. ನಾಲ್ಕು ದಿನದ ಮಟ್ಟಿಗೆ ಎಂದುಕೊಂಡದ್ದು ಅಲ್ಲೇ ಉಳಿಯಿತು. ದಿನಾಂಕ ಬರೆಯಲಿಲ್ಲ. ನಾನು ಮಾಡಿದ ತಪ್ಪು ಇದೇ.

ಗೋಡೆ ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿಯಿಡೀ ಬಿಡುತ್ತದೆ. ಹಾಗಾಗಿ ಮೊದಲ ಐದು ವರ್ಷದ ಕನಿಷ್ಠಗಳೆಲ್ಲ ಇರಬೇಕಾದುದಕ್ಕಿಂತ ಹೆಚ್ಚು. ಕಂಬಿಯದು ತದ್ವಿರುದ್ಧ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ತೆರೆದ ಆಕಾಶದ ಕೆಳಗಿರುವ ಕಬ್ಬಿಣವೂ ಗಾಜೂ ತಮ್ಮ ಶಾಖವನ್ನು ಮೇಲಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಬೆಳಿಗ್ಗೆ ಗಾಜಿನ ಮೇಲೆ ಇಬ್ಬನಿ ಮುತ್ತುಗಟ್ಟಿರುತ್ತಿತ್ತು, ಪಕ್ಕದ ಗೋಡೆ ಒಣಗಿರುತ್ತಿತ್ತು. ಆ ಇಬ್ಬನಿಯನ್ನು ನಾನೇ ಬೆರಳಿನಿಂದ ಒರೆಸಿ ಅಂಕಿ ಓದುತ್ತಿದ್ದೆ, ಅದು ಕೊಡುತ್ತಿದ್ದ ಸುಳಿವನ್ನು ಮಾತ್ರ ಓದಲಿಲ್ಲ.

ವ್ಯತ್ಯಾಸವನ್ನು ಕಳೆದು ಸರಿಪಡಿಸೋಣವೆಂದು ಎರಡೂ ಕಡೆ ಒಂದೊಂದು ಮಾಪಕ ಇಟ್ಟೆ. ನಿರ್ಮಲ ರಾತ್ರಿಗಳಲ್ಲಿ ಅವುಗಳ ನಡುವೆ ಮೂರು ಡಿಗ್ರಿಯಷ್ಟು ಅಂತರ. ಮೋಡ ಕವಿದ ರಾತ್ರಿ ಅಂತರವೇ ಇಲ್ಲವೆನ್ನುವಷ್ಟು ಕಡಿಮೆ. ಯಾವ ರಾತ್ರಿ ಎಷ್ಟು ಕಳೆಯುವುದು? ಆಕಾಶ ಹೇಗಿತ್ತು ಎಂದು ಬರೆದಿರಲಿಲ್ಲ, ಜಾಗ ಬದಲಿಸಿದ್ದು ಯಾವ ದಿನ ಎಂಬುದೂ ಗೊತ್ತಿರಲಿಲ್ಲ. ಅಷ್ಟು ವರ್ಷಗಳ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆದ್ದರಿಂದ, ಯಾವ ಹಳೆಯ ವರ್ಷದೊಂದಿಗೆ ಹೋಲಿಸಲಿ ಎಂದು ಈಗಲೇ ಕೇಳಬೇಡಿ. ನಿಮ್ಮ ಮಾಪಕ ಎಲ್ಲಿದೆ? ಹವಾಮಾನ ಕೇಂದ್ರಗಳ ಅಂಕಿಗಳು ಸ್ಟೀವನ್‌ಸನ್ ಪೆಟ್ಟಿಗೆಯಿಂದ ಬಂದವು: ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳ ಪೆಟ್ಟಿಗೆ, ನೆಲದಿಂದ ಆಳೆತ್ತರಕ್ಕೆ ಸ್ವಲ್ಪ ಕಡಿಮೆ. ಆ ಅಂಕಿಯ ಪಕ್ಕದಲ್ಲಿ ಬಾಲ್ಕನಿಯ ಅಂಕಿಯನ್ನು ಇಡಲಾಗದು. ನಿಮ್ಮ ಹತ್ತಿರದ ಕೇಂದ್ರದ ಈ ಡಿಸೆಂಬರನ್ನು ಅದೇ ಕೇಂದ್ರದ ಹಳೆಯ ಡಿಸೆಂಬರುಗಳೊಂದಿಗೆ, 1991–2020ರ ಮೂವತ್ತು ವರ್ಷದ ಸರಾಸರಿಯೊಂದಿಗೆ ಹೋಲಿಸಿ.

ಇನ್ನೊಂದು ಮಾತು. ಒಂದು ತಿಂಗಳನ್ನು ಇಡೀ ಚಳಿಗಾಲದೊಂದಿಗೆ ತೂಗುವುದೇ ನನಗೆ ಒಪ್ಪಿಗೆಯಿಲ್ಲ. 1659ರಿಂದ ಲಭ್ಯವಿರುವ ಮಧ್ಯ ಇಂಗ್ಲೆಂಡಿನ ತಾಪಮಾನ ದಾಖಲೆಯಲ್ಲಿ 2010ರ ಡಿಸೆಂಬರ್, 1890ರ ನಂತರದ ಅತ್ಯಂತ ತಣ್ಣನೆಯ ಡಿಸೆಂಬರ್. ಆದರೆ ಮುಂದಿನ ಫೆಬ್ರವರಿ ಬೆಚ್ಚಗಿತ್ತು. ಆ ಚಳಿಗಾಲ 1962–63ರ ಹತ್ತಿರಕ್ಕೂ ಸುಳಿಯಲಿಲ್ಲ. 1962–63ರಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗಿನ ಸರಾಸರಿಯೇ ಮೈನಸ್ 0.3 ಡಿಗ್ರಿ. 1740ರ ನಂತರ ಅಲ್ಲಿ ಅಂಥ ಚಳಿಗಾಲ ಬಂದಿರಲಿಲ್ಲ. ಫೆಬ್ರವರಿ ಮುಗಿಯುವವರೆಗೆ ದಯವಿಟ್ಟು ಕಾಯಿರಿ.

ನಿಮ್ಮ ಮಾಪಕವನ್ನು ಎಸೆಯಬೇಡಿ. ಸರಿಯಾದ ಜಾಗಕ್ಕೆ ಒಯ್ಯುವುದಾದರೆ, ಹಳೆಯ ಜಾಗದಲ್ಲೂ ಒಂದನ್ನು ವರ್ಷವಿಡೀ ಬಿಡಿ, ಪ್ರತಿದಿನ ಎರಡನ್ನೂ ಬರೆಯಿರಿ, ಪಕ್ಕದಲ್ಲಿ ರಾತ್ರಿ ಮೋಡವಿತ್ತೇ, ಗಾಳಿಯಿತ್ತೇ ಎಂದೂ ಬರೆಯಿರಿ. ನನ್ನ ಹೊಸ ಪುಸ್ತಕದ ಮೊದಲ ಪುಟದಲ್ಲಿ ಅಂಕಿಗಳಿಲ್ಲ, ಮಾಪಕ ಎಲ್ಲಿದೆ ಎಂಬ ನಕ್ಷೆ ಇದೆ, ಅದರ ಕೆಳಗೆ ದಿನಾಂಕ ಇದೆ.