ಪ್ರತಿಕ್ರಿಯೆ: ನನ್ನ ತಮ್ಮ ಜೈಲಿಗೆ ಹೋಗಿ 40 ದಿನವಾಯಿತು, ವಕೀಲರನ್ನು ಬದಲಿಸಲೇ?
ನೀವು ಹಿಡಿದಿರುವುದು ಮನೆಯ ಆಸ್ತಿ ವ್ಯಾಜ್ಯ ನೋಡುವ ವಕೀಲರನ್ನು. ಜಾಮೀನು ಮುಂದೆ ಹೋಗದಿರುವುದಕ್ಕೆ ಬಹುಶಃ ಅದೇ ಕಾರಣ. ಆದರೂ ಬದಲಿಸುವ ಮುಂಚೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅಕ್ಷರ, ಅಂಕಿ ಸೇರಿ 16 ಇರುವ ಸಿಎನ್ಆರ್ ಸಂಖ್ಯೆ (ಪ್ರಕರಣದ ಗುರುತಿನ ಸಂಖ್ಯೆ) ಹಾಕಿ, ಅರ್ಜಿ ನಿಜಕ್ಕೂ ದಾಖಲಾಗಿದೆಯೇ, ವಾಯಿದೆ ಯಾಕೆ ಬಿತ್ತು ಎಂದು ನೋಡಿ.

ಆಮೇಲೆ ಅದೇ ಕೋರ್ಟಿನಲ್ಲಿ ಎರಡು ದಿನ ಬೆಳಿಗ್ಗೆ ಕೂತು, ಜಾಮೀನು ವಾದ ಮಾಡುವವರನ್ನು ಗಮನಿಸಿ. ಬೋರ್ಡು ನೋಡಿ ಆರಿಸುವುದಕ್ಕಿಂತ ಇದು ಮೇಲು. ಭೇಟಿಗೆ ಎಫ್ಐಆರ್, ರಿಮಾಂಡ್ ಅರ್ಜಿಯ (ಬಂಧನದಲ್ಲಿಡಲು ಪೊಲೀಸರು ಕೋರ್ಟಿಗೆ ಕೊಟ್ಟದ್ದು) ನಕಲು ಒಯ್ಯಿರಿ. ಅವನ್ನು ಓದದೆಯೇ "ಗ್ಯಾರಂಟಿ ಬಿಡಿಸ್ತೀನಿ" ಅಂದವರ ಬಳಿ ಕೂರಬೇಡಿ. ವಾದಕ್ಕೆ ಖುದ್ದು ಬರುತ್ತಾರೋ, ಜೂನಿಯರ್ ಕಳಿಸುತ್ತಾರೋ ಕೇಳಿ. ಜಾಮೀನಿಗೆ ಎಷ್ಟು, ವಿಚಾರಣೆಗೆ ಎಷ್ಟು ಎಂದು ಬೇರೆ ಬೇರೆ ಬರೆಸಿಕೊಳ್ಳಿ.

ಹಳೆಯ ವಕೀಲರಿಂದ ಎನ್ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಪಡೆದು, ಹೊಸ ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರ) ಜೈಲಿನಲ್ಲಿ ತಮ್ಮನ ಸಹಿ ಹಾಕಿಸಿ. ಫೀಸು ಬಾಕಿಯಿದೆ ಎಂದು ಅವರು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ. 2000ದಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ಲೆಕ್ಕ ತಪ್ಪಬೇಡಿ. ಮೊದಲ ರಿಮಾಂಡಿನಿಂದ 60 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಬಿಎನ್ಎಸ್ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾಯ್ದೆ) 187(3)ರಡಿ ಜಾಮೀನು ಹಕ್ಕು. 10 ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನ. ಕಲಂ ನೀವು ಬರೆದಿಲ್ಲ, ಹಾಗಾಗಿ 60 ದಿನವೋ 90 ದಿನವೋ ಎಂದು ಎಫ್ಐಆರ್ ನೋಡಿಯೇ ಹೇಳಬೇಕು. ಚಾರ್ಜ್‌ಶೀಟ್ ಬೀಳುವ ಮುಂಚೆಯೇ ಅರ್ಜಿ ಹಾಕಬೇಕು, ತಡವಾದರೆ ಆ ಹಕ್ಕು ಹೋಯಿತು.

ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ; ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ.