ಎಚ್‌ಒ ಬೋಗಿಗಳಿಗೆ ಹೊಸ ಬಣ್ಣ, ಒಳಗೆ ಮಿಣುಕದ ಲೈಟ್: ಹೇಗೆ?

ಎಚ್‌ಒ ಸ್ಕೇಲಿನ (1:87) ಮಾದರಿ ರೈಲಿನ ಪ್ಲಾಸ್ಟಿಕ್ ಬೋಗಿಗಳ ಬಣ್ಣ ಬದಲಿಸಿ ಒಳಗೆ ಎಲ್‌ಇಡಿ ಹಾಕೋದು ಹೇಗೆ, ಓಡುವಾಗ ಲೈಟ್ ಮಿಣುಕೋದು ಯಾಕೆ ಅಂತ ಕೇಳಿದ್ದೀರಿ. ಮಿಣುಕಾಟದ ಮೂಲ ಬಹುಪಾಲು ಚಕ್ರದಲ್ಲಿರುತ್ತದೆ, ಲೈಟಿನಲ್ಲಲ್ಲ. ಅದನ್ನೇ ಮೊದಲು ನೋಡಿ.

ಪ್ಲಾಸ್ಟಿಕ್ ಚಕ್ರ ತೆಗೆದು ಲೋಹದ್ದು ಹಾಕಿ. ಪ್ರತಿ ಆಕ್ಸಲ್‌ನಲ್ಲಿ ಒಂದು ಚಕ್ರ ಇನ್ಸುಲೇಟ್ ಆಗಿರುತ್ತದೆ. ಒಂದು ಟ್ರಕ್ಕಿನ (ಬೋಗಿಯ ಕೆಳಗೆ ತಿರುಗುವ ಚಕ್ರದ ಚೌಕಟ್ಟು) ಎಲ್ಲ ಆಕ್ಸಲ್‌ಗಳಲ್ಲೂ ಅದು ಒಂದೇ ಬದಿಗಿರಲಿ, ಇನ್ನೊಂದು ಟ್ರಕ್ಕಿನಲ್ಲಿ ಎದುರು ಬದಿಗೆ. ಆಗ ಒಂದು ಟ್ರಕ್ ಎಡ ಹಳಿಯಿಂದ, ಇನ್ನೊಂದು ಬಲ ಹಳಿಯಿಂದ ಕರೆಂಟ್ ಎತ್ತುತ್ತದೆ. ಒಂದೇ ಒಂದು ಆಕ್ಸಲ್ ಉಲ್ಟಾ ಕೂತರೂ ಶಾರ್ಟ್. ಆಕ್ಸಲ್‌ಗೆ ತಾಗುವ ಫಾಸ್ಫರ್ ಬ್ರಾಂಜ್ ತಂತಿ ಸವರುವಷ್ಟೇ ಒತ್ತಿರಲಿ. ಹೆಚ್ಚಾದರೆ ಅದೇ ಬ್ರೇಕ್ ಆಗಿ, ನಾಲ್ಕು ಬೋಗಿ ಎಳೆಯುವಷ್ಟರಲ್ಲಿ ಎಂಜಿನ್ ತಿಣುಕುತ್ತದೆ. ಟ್ರಕ್ಕಿನಿಂದ ಮೇಲೆ ಹೋಗುವ ವೈರ್ 30 ಗೇಜಿನದ್ದಾಗಿರಲಿ, ಸಡಿಲವಾಗಿ ಒಂದು ಸುತ್ತು ಬಿಡಿ. ಬಿಗಿಯಾದರೆ ಟ್ರಕ್ ತಿರುಗದೆ ಕರ್ವ್‌ನಲ್ಲಿ ಹಳಿ ತಪ್ಪುತ್ತದೆ.

ಇನ್ನು ಸರ್ಕ್ಯೂಟ್. ಮೊದಲು ಬ್ರಿಡ್ಜ್ ರೆಕ್ಟಿಫೈಯರ್ (ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಬಿಡಿಭಾಗ), ಆಮೇಲೆ 12 ವೋಲ್ಟ್ ವಾರ್ಮ್ ವೈಟ್ ಎಲ್‌ಇಡಿ ಸ್ಟ್ರಿಪ್, ಅದಕ್ಕೆ ಸೀರೀಸ್‌ನಲ್ಲಿ 1 ಕಿಲೋಓಮ್ ರೆಸಿಸ್ಟರ್. ಅದಿಲ್ಲದಿದ್ದರೆ ಬೋಗಿ ಆಪರೇಷನ್ ಥಿಯೇಟರ್ ಥರ ಕಾಣುತ್ತದೆ. ಡಿಸಿಸಿ (ಹಳಿಯಲ್ಲಿ ಸದಾ ಕರೆಂಟ್ ಇದ್ದು ಡಿಜಿಟಲ್ ಸಂಕೇತದಿಂದ ರೈಲು ಓಡಿಸುವ ವ್ಯವಸ್ಥೆ) ಇದ್ದರೆ ಮಿಣುಕು ತಡೆಯಲು ರೆಕ್ಟಿಫೈಯರ್ ಆದ ಮೇಲೆ 470 ಮೈಕ್ರೋಫ್ಯಾರಡ್, 25 ವೋಲ್ಟ್ ಕೆಪ್ಯಾಸಿಟರ್ ಹಾಕಿ, ಪ್ಲಸ್–ಮೈನಸ್ ಸರಿ ನೋಡಿ. ಅದು ಚಾರ್ಜ್ ಆಗುವ ದಾರಿಯಲ್ಲಿ 100 ಓಮ್ ರೆಸಿಸ್ಟರ್, ಡಿಸ್ಚಾರ್ಜ್‌ಗೆ ಆ ರೆಸಿಸ್ಟರ್‌ಗೆ ಅಡ್ಡಲಾಗಿ ಒಂದು ಡಯೋಡ್ ಬೇಕೇ ಬೇಕು. ಬಿಟ್ಟರೆ ಎಲ್ಲ ಬೋಗಿಗಳೂ ಒಟ್ಟಿಗೆ ಚಾರ್ಜ್ ಎಳೆದಾಗ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಅದನ್ನು ಶಾರ್ಟ್ ಅಂದುಕೊಂಡು ಟ್ರಿಪ್ ಆಗುತ್ತದೆ. ಸಾದಾ ಡಿಸಿ ಲೇಔಟ್‌ನಲ್ಲಾದರೆ ರೈಲು ನಿಂತಾಗ ಲೈಟೂ ಹೋಗುತ್ತದೆ, ಕೆಪ್ಯಾಸಿಟರ್‌ನಿಂದ ಅದು ಸರಿಹೋಗಲ್ಲ.

ಬಣ್ಣಕ್ಕೆ ಮುಂಚೆ ಕಿಟಕಿ, ಟ್ರಕ್ ಎಲ್ಲ ಬಿಚ್ಚಿಡಿ. ಹಳೆ ಬಣ್ಣ ತೆಗೆಯಲು ಬಾಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಅರ್ಧ ಗಂಟೆಗೊಮ್ಮೆ ನೋಡಿ, ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಅಸಿಟೋನ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಪ್ರೈಮರ್ ಆದ ಮೇಲೆ ತಿಳಿ ಬಣ್ಣ ಮೊದಲು. ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚಿನ ಮೇಲೆ ಅದೇ ತಿಳಿ ಬಣ್ಣ ತೆಳ್ಳಗೆ ಹೊಡೆದು, ಒಣಗಿದ ಮೇಲೆ ಗಾಢ ಬಣ್ಣ ಹೊಡೆದರೆ ಗೆರೆ ಚೂಪಾಗಿ ಬರುತ್ತದೆ. ಒಳಗೋಡೆಗೆ ಕಪ್ಪು, ಅದರ ಮೇಲೆ ಬಿಳಿ; ಇಲ್ಲದಿದ್ದರೆ ಲೈಟ್ ಹಾಕಿದಾಗ ಇಡೀ ಬೋಗಿಯೇ ಹೊಳೆಯುತ್ತದೆ. ಡೆಕಾಲ್ (ಅಕ್ಷರ, ಚಿಹ್ನೆಗಳ ತೆಳು ಸ್ಟಿಕರ್) ಅಂಟಿಸುವ ಮುಂಚೆ ಹೊಳಪಿನ (ಗ್ಲಾಸಿ) ಕೋಟ್ ಇರಲೇಬೇಕು. ಮ್ಯಾಟ್ ಮೇಲ್ಮೈಯಲ್ಲಿ ಗಾಳಿ ಸಿಕ್ಕಿ ಅಕ್ಷರದ ಸುತ್ತ ಬೆಳ್ಳಿ ಮಚ್ಚೆ ಕಾಣುತ್ತದೆ. ಮ್ಯಾಟ್ ಕೊನೆಗೆ. ಕಿಟಕಿಗೆ ಸೂಪರ್ ಗ್ಲೂ ಬೇಡ, ಬಿಳಿ ಮಂಜು ಕಟ್ಟುತ್ತದೆ. ಬಿಳಿ ಪಿವಿಎ ಅಂಟು ಸಾಕು.

ತೂಕಕ್ಕೆ ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ) ಸೂತ್ರವಿದೆ: 1 ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್. 10 ಇಂಚಿನ ಬೋಗಿಗೆ 6 ಔನ್ಸ್, ಅಂದರೆ ಸುಮಾರು 170 ಗ್ರಾಂ. ತೂಕವನ್ನು ನೆಲದ ಮಟ್ಟದಲ್ಲೇ ಕೂರಿಸಿ. ಪ್ರಯಾಣಿಕರ ಬೊಂಬೆ ಸೀಟಿನಲ್ಲಿ ಕೂರದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಿ, ಕಿಟಕಿಯಿಂದ ಗೊತ್ತಾಗಲ್ಲ. ಛಾವಣಿಗೆ ಮಾತ್ರ ಅಂಟು ಹಾಕಬೇಡಿ, ವೈರ್ ಕಿತ್ತರೆ ಮತ್ತೆ ತೆಗೀಲೇಬೇಕು.